ಹೆಣ್ಣಿನ ಕಡೆಯವರ ಸೈಕಲ್ಲು

ಪುಟ್ಟಣ್ಣನವರಿಗೆ ಐವತ್ತು ದಾಟಿತ್ತು. ಕೃಷ್ಣಮೂರ್ತಿಪುರದ ಮನೆಯಿಂದ ಅರಮನೆಯ ಕಚೇರಿಗೆ, ಕಚೇರಿಯಿಂದ ದೇವರಾಜ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ತರಕಾರಿ ಚೀಲದ ಸಮೇತ ಮತ್ತೆ ಮನೆಗೆ. ಅವರ ಸೈಕಲ್ಲು ಕಂಡ ಲೋಕ ಇಷ್ಟೇ. ಅಂಥವರು ಸಂಕ್ರಾಂತಿ ಕಳೆದ ಒಂದು ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿಯುವ ಮುಂಚೆ, ಕ್ಯಾರಿಯರ್ ಮೇಲೆ ಹಾಸಿಗೆ ಸುರುಳಿ ಮತ್ತು ಟಾರ್ಪಾಲು ಬಿಗಿದು, ಹ್ಯಾಂಡಲ್ಲಿಗೆ ಊಟದ ಡಬ್ಬಿ ತೂಗಿಸಿ, ಕಚ್ಚೆ ಕಟ್ಟಿ, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಕಾವೇರಿ ದಂಡೆಯಲ್ಲಿ ತಂಗಲು ಹೊರಟು ನಿಂತಿದ್ದರು. ಇದು ಶೋಕಿಗೆ ಹೊರಟ ಯಾತ್ರೆಯೆಂದು ಯಾರಾದರೂ ತಿಳಿದರೆ ಅವರಿಗೆ ಮದುವೆಯ ವಯಸ್ಸಿನ ಮಗಳಿಲ್ಲ ಎಂದೇ ಅರ್ಥ.

ಮಗಳು ಪ್ರೇಮಲೀಲಾಗೆ ಇಪ್ಪತ್ತನಾಲ್ಕು ತುಂಬಿತ್ತು. ಆ ಕಾಲಕ್ಕೆ ಅದೇ ಒಂದು ಅಪವಾದ. ಹುಡುಗಿಯಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ; ಇಂಟರ್ ಪಾಸಾಗಿದ್ದಳು, ಹಾಡುತ್ತಿದ್ದಳು, ನೋಡಲು ಲಕ್ಷಣವಾಗಿದ್ದಳು. ಕೊರತೆ ಇದ್ದದ್ದು ಮನೆತನದ ಎದೆಯಲ್ಲಿ. ಪುಟ್ಟಣ್ಣನವರ ತಮ್ಮ ಹರೆಯದಲ್ಲೇ ಕ್ಷಯವಾಗಿ ತೀರಿಕೊಂಡಿದ್ದ. ಅದಾಗಿ ಎಷ್ಟೋ ವರ್ಷವಾಗಿತ್ತು, ಆದರೆ ಪಕ್ಕದ ಮನೆಯ ರೋಗವನ್ನು ಯಾವ ಊರು ಮರೆತಿದೆ? ಗಂಡಿನ ಕಡೆಯವರು ಬರುತ್ತಿದ್ದರು, ಉಪ್ಪಿಟ್ಟು ಕೇಸರಿಬಾತು ತಿನ್ನುತ್ತಿದ್ದರು, ಹಾಡು ಕೇಳಿ ತಲೆದೂಗುತ್ತಿದ್ದರು, ಜಾತಕ ಚೆನ್ನಾಗಿ ಕೂಡಿದೆ ಎನ್ನುತ್ತಿದ್ದರು. ಆಮೇಲೆ ಯಾರೋ ಪುಣ್ಯಾತ್ಮರು ಅವರ ಕಿವಿ ಕಚ್ಚುತ್ತಿದ್ದರು. ಅಲ್ಲಿಗೆ ಆ ಕಡೆಯಿಂದ ಸುದ್ದಿಯೇ ಇಲ್ಲ.

ಈ ಸಲ ಸಂಬಂಧ ತಂದವನು ನಂಜಯ್ಯ. ಅಗ್ರಹಾರದ ಅರ್ಧ ಮದುವೆಗಳು ಅವನ ನಾಲಿಗೆಯ ಮೇಲೆ ನಡೆದಂಥವು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಗಾದೆಯನ್ನು ಅವನು ವೇದವಾಕ್ಯವೆಂದು ನಂಬಿದ್ದ, ಮತ್ತು ಲೆಕ್ಕದಲ್ಲಿ ಎಂದೂ ಕಡಿಮೆ ಮಾಡಿದವನಲ್ಲ. ವಿದ್ಯಾರಣ್ಯಪುರದ ಕೃಷ್ಣಸ್ವಾಮಿ ಎಂಬುವರು ರೈಲ್ವೆ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಅವರ ಮಗ ಸುಂದರೇಶ ಓವರ್‌ಸಿಯರ್ ಆಗಿದ್ದ. ನಂಜಯ್ಯ ಅವರ ಮನೆಯಲ್ಲಿ ಕುಳಿತು, ಯಾರೂ ಕೇಳದೇ ಇದ್ದಾಗಲೂ, "ಹೆಣ್ಣಿನ ತಂದೆ ಎಂಥ ಗಟ್ಟಿ ಆಸಾಮಿ ಅಂತೀರಿ! ಸೈಕಲ್ ಅಂದ್ರೆ ಪ್ರಾಣ. ಬೆಳಗ್ಗೆ ಹೊರಟು ಕನ್ನಂಬಾಡಿ ನೋಡ್ಕೊಂಡು ಮಧ್ಯಾಹ್ನ ಊಟಕ್ಕೆ ವಾಪಸ್ಸು. ಎದೆ ಅಂದ್ರೆ ಎದೆ ಕಣ್ರೀ ಅದು, ಕಬ್ಬಿಣ!" ಎಂದುಬಿಟ್ಟಿದ್ದ.

ಹೆಣ್ಣು ನೋಡಲು ಬಂದ ದಿನ ಕೃಷ್ಣಸ್ವಾಮಿಯವರು ಕಾಫಿ ಲೋಟ ಕೆಳಗಿಡುತ್ತಾ, "ನಿಮಗೆ ಸೈಕಲ್ ಸವಾರಿ ಅಂದ್ರೆ ಬಹಳ ಇಷ್ಟವಂತೆ. ಒಂದು ದಿನ ಹೊಳೆ ದಂಡೆ ಕಡೆ ಹೋಗಿ ಒಂದು ರಾತ್ರಿ ಇದ್ದು ಬರಬಹುದು" ಎಂದರು. ಬಾಗಿಲ ಮರೆಯಲ್ಲಿದ್ದ ಹೆಣ್ಣಿನ ತಾಯಿ ನಾಗಮಣಿಯವರು ಗಂಡನ ಮುಖ ನೋಡಿದರು. ಅಂಥ ಹೊತ್ತಿನಲ್ಲಿ ಗಂಡಿನ ತಂದೆ ಚಂದ್ರನನ್ನು ಕೇಳಿದ್ದರೂ ಪುಟ್ಟಣ್ಣನವರು ಏಣಿ ಹುಡುಕುತ್ತಿದ್ದರು. "ಅದಕ್ಕೇನಂತೆ ಸ್ವಾಮಿ! ಬರೋ ಭಾನುವಾರವೇ ಹೊರಡೋಣ. ಸೋಮವಾರ ಹೇಗೂ ರಜ" ಎಂದುಬಿಟ್ಟರು. ನಂಜಯ್ಯ ಆಮೇಲೆ ಬೀದಿಯ ತಿರುವಿನಲ್ಲಿ ಅವರ ಕೈ ಹಿಡಿದು, "ಪರೀಕ್ಷೆ ಮಾಡ್ತಿದಾರೆ, ಗೊತ್ತಾಯ್ತೇ? ಏದುಸಿರು ಬಿಡಬೇಡಿ. ಕೆಮ್ಮಂತೂ ಕೆಮ್ಮಲೇಬೇಡಿ. ಹೋಗಿ ಬಂದ್ಬುಟ್ರೆ ತಾಂಬೂಲ ಬದಲಾಯಿಸಿದ ಹಾಗೇ" ಎಂದು ಕಿವಿಮಾತು ಹೇಳಿದ.

ಹೀಗೆ ಮಗಳ ಮದುವೆ ತಂದೆಯ ಶ್ವಾಸಕೋಶಕ್ಕೆ ಗಂಟು ಬಿತ್ತು.

ಹಾರ್ಡಿಂಜ್ ಸರ್ಕಲ್ಲಿನ ಹತ್ತಿರ ಕೃಷ್ಣಸ್ವಾಮಿಯವರು ಕಾಯುತ್ತಿದ್ದರು. ಖಾಕಿ ಚಡ್ಡಿ, ಮೊಣಕಾಲಿನ ತನಕ ಕಾಲುಚೀಲ, ತಲೆಗೆ ದೊರೆಗಳು ಹಾಕುವಂಥ ಸೋಲಾ ಟೋಪಿ, ಹೆಗಲಿಗೆ ನೀರಿನ ಬಾಟಲು. ಅವರನ್ನು ಕಂಡು ಪುಟ್ಟಣ್ಣನವರು ತಮ್ಮ ಕಚ್ಚೆಯನ್ನು ಇನ್ನಷ್ಟು ಬಿಗಿ ಮಾಡಿಕೊಂಡರು. ಇವರು ಹುಟ್ಟು ಸವಾರರು, ಸಂಶಯವೇ ಇಲ್ಲ.

"ಹೊರಡೋಣವೇ?" ಎಂದರು ಕೃಷ್ಣಸ್ವಾಮಿ.

"ತಾವು ಮುಂದೆ ನಡೀರಿ ಸ್ವಾಮಿ" ಎಂದರು ಪುಟ್ಟಣ್ಣನವರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮುಂದೆ ನಡೆಯುವುದುಂಟೆ? ಮದುವೆ ಮನೆಯ ನಿಯಮ ರಸ್ತೆಯ ಮೇಲೆ ಇಲ್ಲವೆಂದು ಯಾರೂ ಹೇಳಿರಲಿಲ್ಲ.

ಮುಂದೆ ಹೋಗುವ ಹಾಗಿಲ್ಲ ಎನ್ನುವುದು ಮೊದಮೊದಲು ಅನುಕೂಲವಾಗಿಯೇ ಕಂಡಿತು. ಲಲಿತಮಹಲಿನ ರಸ್ತೆ ಹಿಡಿದು ಬೆಟ್ಟವನ್ನು ಬಲಕ್ಕೆ ಬಿಟ್ಟುಕೊಂಡು ಹೋಗುವವರೆಗೂ ಗಾಳಿ ತಣ್ಣಗಿತ್ತು. ತಾಯಿ ಚಾಮುಂಡಿ, ಇದೊಂದು ದಿನ ನನ್ನ ಎದೆ ಕಾಪಾಡು ಎಂದು ಪುಟ್ಟಣ್ಣನವರು ಬೆಟ್ಟದ ಕಡೆ ಒಂದು ಕೈ ಎತ್ತಿ ಮುಗಿಯಲು ಹೋದಾಗ ಹ್ಯಾಂಡಲ್ಲು ಓಲಾಡಿತು. ಆಮೇಲೆ ಎರಡು ಕೈಯಲ್ಲೂ ಹಿಡಿದುಕೊಂಡು ಮನಸ್ಸಿನಲ್ಲೇ ಮುಗಿದರು. ಊರು ಹಿಂದಾಯಿತು, ಬಿಸಿಲು ಮುಂದೆ ಬಂತು. ಅದು ನೇರ ಕಣ್ಣಿಗೇ ಹೊಡೆಯುತ್ತಿತ್ತು. ರಸ್ತೆಯ ಜಲ್ಲಿ ಎದ್ದು ಹಲ್ಲು ಕಿರಿಯುತ್ತಿತ್ತು. ಪುಟ್ಟಣ್ಣನವರ ಸೈಕಲ್ಲಿನ ಬೆಲ್ಲಿನ ತಿರುಪು ಸಡಿಲವಾಗಿತ್ತು, ಹಳ್ಳ ಸಿಕ್ಕಿದಾಗಲೆಲ್ಲ ತನ್ನಷ್ಟಕ್ಕೆ ಟ್ರಿಣ್ ಎನ್ನುತ್ತಿತ್ತು. ಆಗಲೆಲ್ಲ ಮುಂದಿನ ಸೋಲಾ ಟೋಪಿ ಒಮ್ಮೆ ಬಗ್ಗಿ ಇನ್ನಷ್ಟು ಜೋರಾಗಿ ಓಡುತ್ತಿತ್ತು. ಪುಟ್ಟಣ್ಣನವರೂ ಬೆನ್ನು ಬಗ್ಗಿಸಿ ತುಳಿಯುತ್ತಿದ್ದರು.

ವರುಣೆಯ ಕೆರೆ ದಾಟುವ ಹೊತ್ತಿಗೆ ತೊಡೆ ಕಲ್ಲಾಗಿತ್ತು. ಎದೆಯೊಳಗೆ ಒಂದು ಕೆಮ್ಮು ಎದ್ದು ಗಂಟಲಿನ ಬಾಗಿಲು ಬಡಿಯತೊಡಗಿತು. ಪುಟ್ಟಣ್ಣನವರು ಅದನ್ನು ನುಂಗಿದರು. ಅದು ಮತ್ತೆ ಬಂತು, ಮತ್ತೆ ನುಂಗಿದರು. ಮುಂದೆ ಉದ್ದನೆಯ ದಿಣ್ಣೆ. ಅರ್ಧ ಹತ್ತುವಷ್ಟರಲ್ಲಿ ಉಸಿರು ಕುಲುಮೆಯ ತಿದಿಯ ಹಾಗೆ ಸದ್ದು ಮಾಡಿತು. ಈ ಸದ್ದು ಮುಂದಿನವರಿಗೆ ಕೇಳಿದರೆ ಕೆಟ್ಟಿತಲ್ಲ ಎಂದು ಹೆದರಿ ಪುಟ್ಟಣ್ಣನವರು ಒಂದು ದೇವರನಾಮ ಹಿಡಿದರು. ರಾಗ ಯಾವುದು, ತಾಳ ಯಾವುದು, ಆ ದೇವರಿಗೇ ಗೊತ್ತು. ಪ್ರತಿ ಪದಕ್ಕೂ ಒಂದು ಉಸಿರು, ಪ್ರತಿ ಉಸಿರಿಗೂ ಒಂದು ತುಳಿತ. ಮುಂದೆ ಹೋಗುತ್ತಿದ್ದ ಕೃಷ್ಣಸ್ವಾಮಿಯವರು ಒಮ್ಮೆ ತಿರುಗಿ ನೋಡಿದರು. ಅವರ ಮುಖದ ಮೇಲಿದ್ದದ್ದು ಮೆಚ್ಚುಗೆಯೋ ಏನೋ ತಿಳಿಯಲಿಲ್ಲ. ದಿಣ್ಣೆಯ ತುದಿಯಲ್ಲಿ ನಿಲ್ಲುತ್ತಾರೇನೋ ಎಂದುಕೊಂಡರೆ ಬೆಲ್ಲು ಟ್ರಿಣ್ ಎಂದಿತು, ಅವರು ಇಳಿಜಾರಿನಲ್ಲಿ ಹೋಗಿಯೇಬಿಟ್ಟರು.

ದಾರಿಯಲ್ಲೊಂದು ಕಾಫಿ ಹೋಟೆಲು ಸಿಕ್ಕಿತು. ಇಬ್ಬರೂ ಇಳಿದರು. ಬೆಂಚಿನ ಮೇಲೆ ಕುಸಿಯಬೇಕೆಂದು ಪುಟ್ಟಣ್ಣನವರ ಮೈಯ ಮೂಳೆಮೂಳೆ ಬೇಡುತ್ತಿತ್ತು. ಆದರೆ ಕೃಷ್ಣಸ್ವಾಮಿಯವರು ಕುಳಿತುಕೊಳ್ಳಲಿಲ್ಲ, ಕಂಬಕ್ಕೆ ಕೈ ಕೊಟ್ಟು ನಿಂತೇ ಇದ್ದರು. ಅವರು ನಿಂತಿರುವಾಗ ಇವರು ಕೂರುವುದು ಹೇಗೆ? ಇಬ್ಬರೂ ನಿಂತೇ ಕಾಫಿ ಕುಡಿದರು.

"ಆಯಾಸವೇನೂ ಇಲ್ಲ ತಾನೆ?" ಕೃಷ್ಣಸ್ವಾಮಿ ಕೇಳಿದರು.

"ಛೆ ಛೆ! ಇದೆಲ್ಲ ಒಂದು ದೂರವೇ ಸ್ವಾಮಿ?"

"ಹಾಗಾದ್ರೆ ಸರಿ" ಎಂದು ಅವರು ನಿಟ್ಟುಸಿರು ಬಿಟ್ಟ ಹಾಗೆ ಪುಟ್ಟಣ್ಣನವರಿಗೆ ಕೇಳಿಸಿತು. ಕಿವಿಯಲ್ಲಿ ರಕ್ತ ಹೊಡೆದುಕೊಳ್ಳುವ ಸದ್ದೇ ಇರಬೇಕು ಎಂದುಕೊಂಡರು.

ನರಸೀಪುರ ಸೇರಿ ಸಂಗಮದಲ್ಲಿ ಮುಳುಗಿ ಎದ್ದಾಗ ಒಂದಿಷ್ಟು ಜೀವ ಬಂತು. ಬಾಳೆಹಣ್ಣು ತಿಂದು ಮಂಟಪದ ನೆರಳಿನಲ್ಲಿ ಒರಗಿದವರಿಗೆ ಇಲ್ಲೇ ತಂಗಿದರಾಗದೇ ಎನ್ನಿಸಿತು. ನೀರಿದೆ, ನೆರಳಿದೆ, ಪಕ್ಕದಲ್ಲೇ ಬಸ್ ಸ್ಟ್ಯಾಂಡ್ ಕೂಡ ಇದೆ. ಕೃಷ್ಣಸ್ವಾಮಿಯವರೂ ಕಣ್ಣು ಮುಚ್ಚಿಕೊಂಡು ಒರಗಿದ್ದರು. ಎದ್ದವರೇ, "ಇಲ್ಲಿ ಗದ್ದಲ. ನಿಮ್ಮಂಥವರಿಗೆ ಇಷ್ಟು ಹತ್ತಿರದಲ್ಲಿ ಬಿಡಾರ ಹೂಡಿದ್ರೆ ಬೇಜಾರಾಗತ್ತೆ. ತಲಕಾಡಿನ ಕಡೆ ಹೊಳೆ ಪಕ್ಕದಲ್ಲೇ ಗಾಡಿದಾರಿ ಇದೆಯಂತೆ" ಎಂದರು.

"ತಮ್ಮ ಇಷ್ಟ" ಎಂದರು ಪುಟ್ಟಣ್ಣನವರು. ಹೆಣ್ಣು ಹೆತ್ತ ಮೇಲೆ ಅವರು ಕಲಿತದ್ದು ಆ ಎರಡೇ ಮಾತು.

ಗಾಡಿದಾರಿ ಎಂದರೆ ಎರಡು ಚಕ್ರದ ಗುರುತು, ನಡುವೆ ಹುಲ್ಲು, ಆಚೆ ಈಚೆ ಮರಳು. ಎಡಕ್ಕೆ ಹೊಳೆ ಅಲ್ಲಲ್ಲಿ ಕಾಣಿಸುತ್ತಿತ್ತು, ಬೇಸಿಗೆ ಹತ್ತಿರವಾದ್ದರಿಂದ ಬಂಡೆಗಳ ನಡುವೆ ನಿಧಾನವಾಗಿ ಹರಿಯುತ್ತಿತ್ತು. ಹೊಳೆಗೇನು, ಇಳಿಜಾರಿನ ಕಡೆ ಹರಿದರಾಯಿತು, ಯಾರ ಮುಂದೆಯೂ ಎದೆ ತೋರಿಸಬೇಕಾಗಿಲ್ಲ. ಮಧ್ಯಾಹ್ನದ ಬಿಸಿಲಿಗೆ ಪುಟ್ಟಣ್ಣನವರ ತಲೆ ಹಗುರವಾಗತೊಡಗಿತು. ಪೆಡಲು ತುಳಿಯುತ್ತಿರುವುದು ತಾವೋ ಬೇರೆ ಯಾರೋ ಎನ್ನುವುದೂ ತಿಳಿಯದಾಯಿತು. ಎಲ್ಲಾ ಗಂಡಿನ ಕಡೆಯವರೂ ಸಾಲಾಗಿ ಮುಂದೆ ಸೈಕಲ್ ತುಳಿಯುತ್ತಿದ್ದಾರೆ, ತಾವು ಹಿಂದಿನಿಂದ ಉಪ್ಪಿಟ್ಟಿನ ತಟ್ಟೆ ಹಿಡಿದು ತುಳಿಯುತ್ತಿದ್ದೇವೆ ಎನ್ನಿಸಿತು. ಎಷ್ಟು ತುಳಿದರೂ ಅವರು ಸಿಗುವುದಿಲ್ಲ.

ಮುಂದಿನ ಚಕ್ರ ಮರಳಿನಲ್ಲಿ ಹೂತುಹೋಯಿತು. ಪುಟ್ಟಣ್ಣನವರು ಒಂದು ಕಡೆ, ಸೈಕಲ್ಲು ಇನ್ನೊಂದು ಕಡೆ. ಬೆಲ್ಲು ಬಿದ್ದಲ್ಲಿಂದಲೇ ಟ್ರಿಣ್ ಎಂದಿತು. ಬೆಳಗಿನಿಂದ ನುಂಗಿಟ್ಟುಕೊಂಡಿದ್ದ ಕೆಮ್ಮೆಲ್ಲ ಒಟ್ಟಿಗೇ ಹೊರಗೆ ಬಂತು. ಮಂಡಿಯೂರಿ, ಮರಳನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದರು. ನಿಲ್ಲಿಸಲು ನೋಡಿದಷ್ಟೂ ಜಾಸ್ತಿಯಾಯಿತು. ತಲೆಯೆತ್ತಿದಾಗ ಕೃಷ್ಣಸ್ವಾಮಿಯವರು ತಮ್ಮ ಸೈಕಲ್ಲು ಹಿಡಿದುಕೊಂಡು ಎದುರಿಗೇ ನಿಂತಿದ್ದರು.

ಮುಗಿಯಿತು ಎಂದುಕೊಂಡರು ಪುಟ್ಟಣ್ಣನವರು. ಹಾಗೆ ಅಂದುಕೊಂಡ ಕೂಡಲೇ ಅವರಿಗೆ ಭಯವಾಗಬೇಕಾಗಿತ್ತು. ಆಗಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಬರದೇ ಇದ್ದ ಸಿಟ್ಟು.

"ನೋಡಿದ್ರಲ್ಲ? ಕೆಮ್ಮಿದೆ! ಹೌದು ಸ್ವಾಮಿ, ಕೆಮ್ಮಿದೆ! ನನ್ನ ತಮ್ಮ ಕ್ಷಯದಲ್ಲಿ ಹೋದ. ನಾನೇ ಅವನ ತಲೆದಿಂಬಿನ ಹತ್ರ ಕೂತಿದ್ದೆ. ಅದನ್ನ ಮುಚ್ಚಿಡೋಕೆ ಬೆಳಗಿಂದ ಉಸಿರು ಕಟ್ಟಿ ತುಳೀತಾ ಇದೀನಿ. ಹೆಣ್ಣು ಹೆತ್ತ ತಪ್ಪಿಗೆ ಇನ್ನೂ ಎಷ್ಟು ಮೈಲಿ ತುಳೀಬೇಕು ಅಂತ ಹೇಳಿಬಿಡಿ. ಆಗತ್ತೆ ಅಂದ್ರೆ ಆಗತ್ತೆ ಅನ್ನಿ, ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನಿಮ್ಮ ಈ ಸೈಕಲ್ ಹುಚ್ಚಿಗೆ ನನ್ನ ಪ್ರಾಣ ಯಾಕೆ ತೆಗೀತೀರಿ?"

ಕೃಷ್ಣಸ್ವಾಮಿಯವರ ಬಾಯಿ ತೆರೆದುಕೊಂಡಿತು. ಅವರ ಕೈಯಿಂದ ಸೈಕಲ್ಲು ಜಾರಿ ಬಿತ್ತು.

"ನನ್ನ ಸೈಕಲ್ ಹುಚ್ಚೇ?" ಎಂದರು. "ಅಯ್ಯೋ ಪುಣ್ಯಾತ್ಮ! ಹುಚ್ಚು ನಿಮ್ದಲ್ಲವೇನ್ರೀ?"

"ನಂದೇ?"

"ಕನ್ನಂಬಾಡಿಗೆ ಹೋಗಿ ಊಟದ ಹೊತ್ತಿಗೆ ವಾಪಸ್ ಬರೋರು ನೀವಂತೆ! ಏನೋ ಉಪಚಾರಕ್ಕೆ ಒಂದು ಮಾತು ಅಂದೆ, ಹೋಗಬಹುದು ಅಂತ. ಯಾರಾದ್ರೂ 'ಆಗಲಿ ನೋಡೋಣ' ಅಂತಾರೆ. ನೀವು ಬರೋ ಭಾನುವಾರವೇ ಅಂದ್ಬಿಟ್ರಿ. ನಾನು ಏನು ಮಾಡಲಿ, ಹೆಣ್ಣಿನ ಕಡೆಯವರು ಇಷ್ಟು ಆಸೆ ಪಟ್ಟು ಕರೀತಿದಾರೆ, ಬರಲ್ಲ ಅಂದ್ರೆ ಸಂಬಂಧ ಇಷ್ಟ ಇಲ್ಲ ಅಂದ್ಕೋತಾರೆ ಅಂತ ಹೊರಟೆ. ಈ ಚಡ್ಡಿ ನಂದಲ್ಲ ಕಣ್ರೀ, ನಮ್ಮ ಪಕ್ಕದ ಮನೆ ಸ್ಕೌಟ್ ಮೇಷ್ಟ್ರದು!"

"ಹಾಗಾದ್ರೆ ಅಷ್ಟು ಜೋರಾಗಿ ಯಾಕೆ ಓಡಿಸ್ತಿದ್ರಿ?"

"ಹಿಂದಿಂದ ಒಂದೇ ಸಮ ಬೆಲ್ ಹೊಡೀತಿದ್ರಲ್ಲ! ನಿಧಾನವಾಯ್ತು, ನಿಧಾನವಾಯ್ತು ಅಂತ ನನಗೆ ಅವಸರ ಮಾಡ್ತಿದೀರಿ ಅಂದ್ಕೊಂಡೆ. ದಿಣ್ಣೆ ಹತ್ತುವಾಗ ಹಾಡು ಬೇರೆ! ಹಾಡು ಹೇಳ್ಕೊಂಡು ದಿಣ್ಣೆ ಹತ್ತೋ ಮನುಷ್ಯನ ಮುಂದೆ ನಾನು ಇಳಿದು ತಳ್ಳಲೇ? ಆ ಹೋಟ್ಲಲ್ಲಿ ಯಾಕೆ ಕೂರಲಿಲ್ಲ ಗೊತ್ತೇ? ಕೂತ್ರೆ ಏಳೋಕೆ ಆಗ್ತಿರಲಿಲ್ಲ."

ಪುಟ್ಟಣ್ಣನವರು ಬಿದ್ದಿದ್ದ ತಮ್ಮ ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ಅಲ್ಲಾಡಿಸಿದರು. ಟ್ರಿಣ್ ಟ್ರಿಣ್ ಎಂದಿತು. ಕೃಷ್ಣಸ್ವಾಮಿಯವರು ಅದನ್ನು ನೋಡಿದರು, ನಿಧಾನವಾಗಿ ಮರಳಿನ ಮೇಲೆ ಕುಳಿತರು, ನಗಲು ಶುರು ಮಾಡಿದರು. ಆ ನಗು ಪುಟ್ಟಣ್ಣನವರಿಗೂ ಅಂಟಿತು. ಇಬ್ಬರಿಗೂ ಸರಿಯಾಗಿ ನಗುವಷ್ಟು ಶಕ್ತಿ ಉಳಿದಿರಲಿಲ್ಲ, ಆದ್ದರಿಂದ ಹೊಟ್ಟೆ ಹಿಡಿದುಕೊಂಡು ನರಳುತ್ತಾ ನಕ್ಕರು. ನಂಜಯ್ಯನಿಗೆ ಆ ಹೊತ್ತು ಎಲ್ಲಿದ್ದರೂ ಬಿಕ್ಕಳಿಕೆ ಬಂದಿರಬೇಕು.

ಬಿಡಾರಕ್ಕೆ ಜಾಗ ಹುಡುಕುವ ಪ್ರಶ್ನೆಯೇ ಉಳಿಯಲಿಲ್ಲ, ಬಿದ್ದ ಜಾಗವೇ ಬಿಡಾರವಾಯಿತು. ಪಕ್ಕದಲ್ಲಿ ದೊಡ್ಡದೊಂದು ಹೊಂಗೆಮರವಿತ್ತು. ಅದರ ಕೊಂಬೆಗೂ ಎರಡು ಸೈಕಲ್ಲುಗಳಿಗೂ ಟಾರ್ಪಾಲು ಎಳೆದು ಕಟ್ಟಿದರು. ಅದು ನೆಟ್ಟಗೆ ನಿಲ್ಲಲಿಲ್ಲ, ಇವರೂ ನಿಲ್ಲಿಸಲು ಹೋಗಲಿಲ್ಲ. ಹೊಳೆಯಿಂದ ಒಂದು ಚೊಂಬು ನೀರು ತರಲು ಎದ್ದ ಕೃಷ್ಣಸ್ವಾಮಿಯವರು ಎರಡು ಹೆಜ್ಜೆಗೇ "ಅಮ್ಮಾ" ಎಂದು ಕಾಲು ಹಿಡಿದುಕೊಂಡು ಕುಸಿದರು. ಮೀನಖಂಡ ಗಂಟು ಕಟ್ಟಿತ್ತು. ಪುಟ್ಟಣ್ಣನವರು ತೆವಳಿಕೊಂಡು ಹೋಗಿ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದರು.

"ಬಿಡಿ ಬಿಡಿ, ಇದೇನಿದು! ಹೆಣ್ಣಿನ ಕಡೆಯವರು ಅಂತ ಕಾಲು ಒತ್ತೋದೇ?"

"ಸುಮ್ಮನಿರಿ ಸ್ವಾಮಿ. ನನ್ನ ಕಾಲೂ ಹಿಡಿಯೋ ಹಾಗಿದೆ. ಇದಾದ ಮೇಲೆ ನೀವು ನಂದು ಒತ್ತಿ."

ಕೃಷ್ಣಸ್ವಾಮಿಯವರು ನಿಜವಾಗಿಯೂ ಒತ್ತಿದರು. ರೈಲ್ವೆ ಕಚೇರಿಯಲ್ಲಿ ಹತ್ತಾರು ಗುಮಾಸ್ತರನ್ನು ನಡುಗಿಸುವ ಮನುಷ್ಯ, ಗಂಡಿನ ತಂದೆ, ಹೆಣ್ಣಿನ ತಂದೆಯ ಧೂಳು ಮೆತ್ತಿದ ಕಾಲನ್ನು ಹಿಡಿದು ಹೆಬ್ಬೆರಳಿನಿಂದ ಗಂಟು ಬಿಡಿಸುತ್ತಿದ್ದರು. ಪುಟ್ಟಣ್ಣನವರಿಗೆ ಸಂಕೋಚದಿಂದ ಮೈ ಹಿಡಿಯಾಯಿತು. ಆಮೇಲೆ ದಣಿವು ಸಂಕೋಚವನ್ನೂ ಗೆದ್ದಿತು, ಕಾಲು ಬಿಟ್ಟುಕೊಟ್ಟು ಒರಗಿದರು.

"ನಿಮ್ಮ ತಮ್ಮನ ವಿಷಯ ನನಗೆ ಮೊದಲೇ ಗೊತ್ತಿತ್ತು" ಎಂದರು ಕೃಷ್ಣಸ್ವಾಮಿ, ತಲೆಯೆತ್ತದೆ. "ಊರಿಗೇ ಗೊತ್ತು. ನಮ್ಮ ರೈಲ್ವೆ ಡಾಕ್ಟರನ್ನ ಕೇಳಿದೆ. ಎಂದೋ ಆದದ್ದು, ಹುಡುಗಿಗೂ ಅದಕ್ಕೂ ಏನು ಸಂಬಂಧ ಅಂತ ನನಗೇ ಬೈದ್ರು. ಈಗ ಅದಕ್ಕೆ ಇಂಜೆಕ್ಷನ್ನೂ ಬಂದಿದೆಯಂತೆ. ನೀವು ಸುಮ್ಮನೆ ಬಚ್ಚಿಟ್ರಿ."

ಪುಟ್ಟಣ್ಣನವರು ಎಷ್ಟು ವರ್ಷ ತಮ್ಮನ ಹೆಸರನ್ನೇ ಮನೆಯಲ್ಲಿ ಎತ್ತದೆ ಇದ್ದರು, ಅವನ ಒಂದು ಪಟವನ್ನೂ ಗೋಡೆಗೆ ಹಾಕದೆ ಇದ್ದರು. ಬಂದವರು ಯಾರಿದು ಎಂದು ಕೇಳಿಬಿಟ್ಟರೆ ಎಂಬ ಭಯ. "ಚೆನ್ನಾಗಿ ಕೊಳಲು ಊದ್ತಿದ್ದ" ಎಂದಷ್ಟೇ ಹೇಳಿದರು. ಕೃಷ್ಣಸ್ವಾಮಿಯವರು ತಲೆಯಾಡಿಸಿ ಇನ್ನೊಂದು ಕಾಲನ್ನು ಎಳೆದುಕೊಂಡರು.

ಬಿಸಿಲು ಇಳಿದು ಹೊಳೆಯ ನೀರು ಕೆಂಪಗಾಗತೊಡಗಿತು. ಆಚೆ ದಡದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಬೆಳಗ್ಗೆ ಎರಡು ಸೈಕಲ್ಲನ್ನೂ ಬಸ್ಸಿನ ಮೇಲೆ ಹಾಕಿಸಿ ಮೈಸೂರಿಗೆ ಹೋಗುವುದೆಂದೂ, ಇದನ್ನು ನಂಜಯ್ಯನಿಗೆ ಹೇಳಬಾರದೆಂದೂ ಇಬ್ಬರೂ ಒಪ್ಪಿಕೊಂಡರು. ಹಸಿವು ಜೋರಾಗಿತ್ತು. ಪುಟ್ಟಣ್ಣನವರು ಅಭ್ಯಾಸಬಲದಿಂದ ಡಬ್ಬಿ ಬಿಚ್ಚಿ ಮುಚ್ಚಳ ತೆಗೆದರು. ನಾಗಮಣಿಯವರು ಕಲಸಿ ಕೊಟ್ಟಿದ್ದ ಪುಳಿಯೋಗರೆ, ಒಂದಿಷ್ಟು ಬಾಳಕದ ಮೆಣಸಿನಕಾಯಿ. ಎಳ್ಳಿನ ಘಮಲು ಎದ್ದ ಮೇಲೆ ಅವರಿಗೆ ತಟ್ಟನೆ ನೆನಪಾಗಿ ಕೈ ನಿಂತಿತು.

ಸಂಬಂಧ ಒಪ್ಪಿಗೆಯಾಗುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯ ಅನ್ನ ಮುಟ್ಟುವುದಿಲ್ಲ. ತಿಂಡಿ, ಕಾಫಿ, ಹಣ್ಣು, ಅಷ್ಟೇ. ಅನ್ನ ಉಂಡರೆ ಮಾತು ಕೊಟ್ಟ ಹಾಗೆ. ಬಾಳೆಯೆಲೆ ಹರಡಿ ಎದುರಿಗೆ ಕುಳಿತಿದ್ದ ಕೃಷ್ಣಸ್ವಾಮಿಯವರಿಗೂ ಅದು ಗೊತ್ತಿತ್ತು. ಅವರ ಚೀಲದಲ್ಲಿ ಅವರದೇ ಅವಲಕ್ಕಿಯ ಗಂಟು ಇತ್ತು. ಅವರು ಅದರ ಕಡೆ ನೋಡಲಿಲ್ಲ, ಪುಳಿಯೋಗರೆಯನ್ನೇ ನೋಡುತ್ತಿದ್ದರು.

"ನಮ್ಮ ಸುಂದರೇಶ ಒಪ್ಪಿದಾನೆ" ಎಂದರು. "ನಮ್ಮ ಮನೇಲಿ ಎಲ್ಲರೂ ಒಪ್ಪಿದಾರೆ."

ಪುಟ್ಟಣ್ಣನವರು ಡಬ್ಬಿಯೊಳಗಿನ ಸೌಟು ಎತ್ತಿಕೊಂಡರು. ಇಷ್ಟು ವರ್ಷ ಕಾದ ಮಾತು ಒಂದು ಹೊಂಗೆಮರದ ಕೆಳಗೆ, ಓರೆಯಾದ ಟಾರ್ಪಾಲಿನ ಅಡಿಯಲ್ಲಿ ಇಷ್ಟು ಸಲೀಸಾಗಿ ಬರುತ್ತದೆಂದು ಅವರು ಎಣಿಸಿರಲಿಲ್ಲ. ನಾಗಮಣಿ ಇಲ್ಲಿ ಇರಬೇಕಾಗಿತ್ತು ಎನ್ನಿಸಿತು. "ಬಡಿಸಲೇ ಸ್ವಾಮಿ?" ಎಂದರು.

"ತಾಳಿ. ನಿಮ್ಮ ಮಗು ಒಪ್ಪಿದಾಳಾ?"

"ಅವಳದೇನು! ನಾವು ಹಾಕಿದ ಗೆರೆ ದಾಟೋಳಲ್ಲ."

"ಅದಲ್ಲ ನಾನು ಕೇಳಿದ್ದು. ಕೇಳಿದೀರಾ ಅವಳನ್ನ?"

ಪುಟ್ಟಣ್ಣನವರು ಸೌಟನ್ನು ಡಬ್ಬಿಯಲ್ಲೇ ಇಟ್ಟರು. ಸೀರೆ ಯಾವುದು ಉಡುತ್ತೀಯಾ ಎಂದು ಅವಳ ತಾಯಿ ಕೇಳಿದ್ದು ಗೊತ್ತು. ಯಾವ ಹಾಡು ಹೇಳುತ್ತೀಯಾ ಎಂದು ತಾವೇ ಕೇಳಿದ್ದುಂಟು. ಬಂದುಹೋದ ಅಷ್ಟೂ ಗಂಡುಗಳಲ್ಲಿ ಒಬ್ಬನ ವಿಷಯದಲ್ಲಾದರೂ, ನಿನಗೆ ಹೇಗೆ ಕಂಡಿತಮ್ಮ ಎಂದು ಕೇಳಿದ್ದು ನೆನಪಾಗಲಿಲ್ಲ. ಅವರಿಂದ ಸುದ್ದಿಯೇ ಬಾರದೆ ಹೋದಾಗ ತಮಗೆ ಅವಮಾನವಾಗಿತ್ತು, ನಾಗಮಣಿ ಅತ್ತಿದ್ದರು. ಆ ದಿನಗಳಲ್ಲಿ ಪ್ರೇಮಲೀಲಾ ಏನು ಮಾಡುತ್ತಿದ್ದಳು? ಲೋಟ ತೊಳೆಯುತ್ತಿದ್ದಳೇನೋ. ಅವರು ನೋಡಿರಲಿಲ್ಲ.

"ಕೇಳಿಲ್ಲ" ಎಂದರು.

ಕೃಷ್ಣಸ್ವಾಮಿಯವರು ಎಲೆಯನ್ನು ನಿಧಾನವಾಗಿ ಮಡಿಸಿದರು.

ಪುಟ್ಟಣ್ಣನವರು ಆ ಎಲೆಯನ್ನು ಹಿಡಿದುಕೊಂಡರು. "ಸ್ವಾಮಿ, ದಯವಿಟ್ಟು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಬೇಡಿ. ನಿಮ್ಮಂಥ ಮನೆಗೆ ಯಾರು ಒಲ್ಲೆ ಅಂತಾರೆ?"

"ನನಗೆ ಮೂರು ಜನ ಹೆಣ್ಣುಮಕ್ಕಳು" ಎಂದರು ಕೃಷ್ಣಸ್ವಾಮಿ. "ನಾನೂ ತುಳಿದಿದೀನಿ, ಬೇರೆಯವರ ಹಿಂದೆ, ನಿಮ್ಮ ಹಾಗೇ. ಸೈಕಲ್ ಇರಲಿಲ್ಲ, ಅಷ್ಟೇ. ದೊಡ್ಡವಳು ರಮಾಮಣಿನ ಹಾಸನಕ್ಕೆ ಕೊಟ್ಟೆ. ಒಳ್ಳೆ ಮನೆ, ಒಳ್ಳೆ ಕೆಲಸ. ಅವಳೂ ಗೆರೆ ದಾಟಲಿಲ್ಲ. ಧಾರೆ ಹೊತ್ತಲ್ಲಿ ಅತ್ತಳು, ಎಲ್ಲಾ ಹುಡುಗೀರೂ ಅಳ್ತಾರೆ ಅಂದ್ಕೊಂಡೆ. ಹಬ್ಬಕ್ಕೆ ಬರ್ತಾಳೆ. ಮಕ್ಕಳನ್ನ ಕರ್ಕೊಂಡು ಬರ್ತಾಳೆ. ಅಡಿಗೆ ಮನೇಲಿ ತಾಯಿ ಹತ್ರ ಮಾತಾಡ್ತಿರ್ತಾಳೆ, ನಾನು ಹೊಸಿಲ ಹತ್ರ ಹೋದ್ರೆ ಮಾತು ನಿಲ್ಲತ್ತೆ. ಕೋಪ ಅಂತಲ್ಲ. ಕಾಫಿ ಕೊಡ್ತಾಳೆ, ನಮಸ್ಕಾರ ಮಾಡ್ತಾಳೆ. ನನ್ನ ಹತ್ರ ಹೇಳೋಕೆ ಅವಳಿಗೆ ಏನೂ ಇಲ್ಲ, ಅಷ್ಟೇ."

ಅವರು ಸೋಲಾ ಟೋಪಿಯನ್ನು ತೆಗೆದು ಪಕ್ಕಕ್ಕಿಟ್ಟರು. ಬೆವರಿಗೆ ಅಂಟಿದ ಬಿಳಿ ಕೂದಲು ಕಂಡಿತು. ಬೆಳಗಿನಿಂದ ತಮ್ಮ ಮುಂದೆ ಓಡುತ್ತಿದ್ದವರು ಇಷ್ಟು ವಯಸ್ಸಾದವರು ಎಂದು ಪುಟ್ಟಣ್ಣನವರಿಗೆ ಆಗಲೇ ತಿಳಿದದ್ದು.

"ಕೇಳಿ ಅವಳನ್ನ" ಎಂದರು ಕೃಷ್ಣಸ್ವಾಮಿ. "ನೀವೊಬ್ಬರೇ ಕೂತು ಕೇಳಿ, ನಿಮ್ಮ ಮನೆಯವರು ಎದುರಿಗೆ ಬೇಡ. ಹೂಂ ಅಂದ್ರೆ ಹೇಳಿ ಕಳಿಸಿ. ಅವತ್ತೇ ಬಂದು ನಿಮ್ಮನೇಲಿ ಎರಡು ಸಲ ಹಾಕಿಸ್ಕೊಂಡು ಉಣ್ತೀನಿ."

ಪುಟ್ಟಣ್ಣನವರಿಗೆ ಮೊದಲು ಬಂದದ್ದು ಕೋಪವೇ. ಇಡೀ ದಿನ ತುಳಿದು, ಬಿದ್ದು, ಕೆಮ್ಮಿ, ಕೊನೆಗೂ ಬಾಗಿಲಿಗೆ ಬಂದ ಭಾಗ್ಯವನ್ನು ಒಂದು ಮಾತಿನಲ್ಲಿ ಹೊರಗೇ ನಿಲ್ಲಿಸಿದರಲ್ಲ ಎಂಬ ಕೋಪ. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದರ ಹಿಂದೆಯೇ ಭಯ ಬಂತು. ಮಗಳನ್ನು ಎದುರಿಗೆ ಕೂರಿಸಿಕೊಂಡು ಅಂಥ ಮಾತು ಕೇಳುವುದು ಹೇಗೆಂದೇ ಅವರಿಗೆ ಗೊತ್ತಿರಲಿಲ್ಲ. ಯಾವ ಮಾತಿನಿಂದ ಶುರು ಮಾಡುವುದು? ಅವಳು ತಲೆಯೆತ್ತಿ ಏನು ಹೇಳಬಹುದು?

"ಬೇಡ ಅಂದ್ಬಿಟ್ರೆ?" ಎಂದರು.

"ಬೇಡ ಅಂದ್ರೆ ನಿಮಗೆ ಮಗಳು ಉಳೀತಾಳೆ" ಎಂದರು ಕೃಷ್ಣಸ್ವಾಮಿ.

ಆಚೆ ದಡದ ಎಮ್ಮೆಗಳು ದಡ ಹತ್ತಿ ಹೋದವು. ಕೃಷ್ಣಸ್ವಾಮಿಯವರು ಚೀಲದಿಂದ ಅವಲಕ್ಕಿ ತೆಗೆದು ಚೊಂಬಿಗೆ ಹಾಕಿ ಬಾಟಲಿನ ನೀರಿನಲ್ಲಿ ನೆನೆಸಲು ಇಟ್ಟರು. ಪುಟ್ಟಣ್ಣನವರು ಡಬ್ಬಿಯ ಮುಚ್ಚಳ ಹಾಕಿದರು, ಎರಡು ಕೈಯಲ್ಲೂ ಒತ್ತಿ ಬಿಗಿ ಮಾಡಿದರು. ಮೈಯಲ್ಲಿ ನೋಯದ ಜಾಗವೇ ಇರಲಿಲ್ಲ. ಆದರೂ ಅವರು ಕೇಳಿದ್ದು ಒಂದೇ.

"ನರಸೀಪುರದಿಂದ ಮೊದಲನೇ ಬಸ್ಸು ಎಷ್ಟು ಹೊತ್ತಿಗೆ ಹೊರಡತ್ತೆ ಸ್ವಾಮಿ?"